ಕಾಲರ್ ಬಂಡಲ್ ಜಾರಿದ ಮಧ್ಯಾಹ್ನ

ಹಾಸನದ ಹೊರಗಿನ ಆ ಗಾರ್ಮೆಂಟ್ಸ್‌ನಲ್ಲಿ ನನ್ನ ಕೆಲಸ ಬಸ್ಸುಗಳದ್ದು. ಬೆಳಗ್ಗೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಗಳಿಂದ ಹೆಂಗಸರನ್ನು ತುಂಬಿಕೊಂಡು ಬರುವ ಬಸ್ಸುಗಳು ಯಾವ ಊರಿನೊಳಗೆ ಹೋಗಬೇಕು, ಯಾವ ಊರಿನವರು ಮುಖ್ಯರಸ್ತೆಯ ತನಕ ನಡೆದು ಬರಬೇಕು ಎಂದು ಡ್ರೈವರುಗಳಿಗೆ ಹೇಳುವವನು ನಾನು. ತೀರ್ಮಾನ ಮಾಡುವವನಲ್ಲ, ಹೇಳುವವನು. ಸೇರಿದ ಹೊಸತರಲ್ಲಿ ಈ ವ್ಯತ್ಯಾಸ ನನಗೆ ಮುಖ್ಯವೆನಿಸಿರಲಿಲ್ಲ.

ಅದಕ್ಕೂ ಮುಂಚೆ ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ಚರಿತ್ರೆಯ ಅತಿಥಿ ಉಪನ್ಯಾಸಕನಾಗಿದ್ದೆ. ಒಂದು ವರ್ಷ ಮತ್ತೆ ಕರೆ ಬರಲಿಲ್ಲ. ಅಂಥ ಕೆಲಸದಿಂದ ಯಾರನ್ನೂ ತೆಗೆಯುವುದಿಲ್ಲ, ಸುಮ್ಮನೆ ಕರೆಯುವುದನ್ನು ನಿಲ್ಲಿಸುತ್ತಾರೆ. ಆಮೇಲೆ ಖಾಸಗಿ ಶಾಲೆ, ಚಿನ್ನದ ಸಾಲ ಕೊಡುವ ಕಂಪನಿ, ಬಿತ್ತನೆ ಆಲೂಗಡ್ಡೆಯ ಮಂಡಿ, ಹೀಗೆ ಅರ್ಜಿ ಹಾಕದ ಜಾಗ ಉಳಿಯಲಿಲ್ಲ. ಎಂ.ಎ. ಎಂದ ಕೂಡಲೇ ಎದುರಿಗಿದ್ದವರ ಮುಖದಲ್ಲಿ ಕಾಯಿಲೆಯವನನ್ನು ನೋಡಿದಂಥ ಮರುಕ ಬರುತ್ತಿತ್ತು. ಕೊನೆಗೆ ಚನ್ನರಾಯಪಟ್ಟಣದಲ್ಲಿದ್ದ ನನ್ನ ಸೋದರಮಾವ ಯಾರಿಗೋ ಫೋನ್ ಮಾಡಿ ಈ ಗಾರ್ಮೆಂಟ್ಸ್‌ನ ಸಂದರ್ಶನಕ್ಕೆ ಕಳಿಸಿದ.

ಎಚ್.ಆರ್. ಮ್ಯಾನೇಜರ್ ಮೆದು ಮಾತಿನ ಮನುಷ್ಯ. ನನ್ನ ಅಂಕಪಟ್ಟಿಗಳನ್ನು ತೆರೆಯದೆ ಪಕ್ಕಕ್ಕಿಟ್ಟು, "ಅರಕಲಗೂಡು ಕಡೆ ಊರುಗಳು ಗೊತ್ತಾ? ಯಾರ ಪೈಕಿ ನೀವು?" ಎಂದು ಕೇಳಿದ. ಮಾವನ ಹೆಸರು ಹೇಳಿದೆ. "ಹಂಗಾದ್ರೆ ನಮ್ಮೋರೇ ಅನ್ನಿ" ಎಂದು ನಕ್ಕ. ಸಂದರ್ಶನ ಅಲ್ಲಿಗೆ ಮುಗಿಯಿತು. ಯಾವ ದಾಖಲೆಯನ್ನೂ ನಂಬಬೇಡಿ, ಅದನ್ನು ಬರೆದವನಿಗೆ ಏನು ಬೇಕಿತ್ತು ಎಂದು ಮೊದಲು ಕೇಳಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದವನು ನಾನು. ಆ ದಿನ ಮಾತ್ರ ಏನನ್ನೂ ಕೇಳದೆ ಎದ್ದು ಬಂದೆ.

ಹೆಂಗಸರನ್ನು ಕೆಲಸಕ್ಕೆ ತರುವುದಕ್ಕೆ ಅಲ್ಲೊಂದು ಪದ್ಧತಿಯಿತ್ತು. ಒಂದು ಊರಿನಿಂದ ಮೊದಲು ಒಬ್ಬಳು ಬರುತ್ತಾಳೆ. ಅವಳು ಓರಗಿತ್ತಿಯನ್ನು, ಪಕ್ಕದ ಮನೆಯವಳನ್ನು, ಅವರ ತಂಗಿಯರನ್ನು ಕರೆತರುತ್ತಾಳೆ. ಜನ ಸಾಕಷ್ಟಾದ ಮೇಲೆ ಬಸ್ಸು ಮುಖ್ಯರಸ್ತೆ ಬಿಟ್ಟು ಊರೊಳಗೆ ಹೋಗುತ್ತದೆ. ಬಸ್ಸು ಒಳಗೆ ಬರುವ ಊರಿನ ಹೆಂಗಸರಿಗೆ ಬೆಳಗ್ಗೆ ಅಡುಗೆ ಮುಗಿಸಿ ಹೊರಡುವಷ್ಟು ಬಿಡುವು ಸಿಗುತ್ತದೆ. ಸಂಜೆ ಕತ್ತಲಲ್ಲಿ ಹೊಲದ ದಾರಿ ನಡೆಯುವುದು ತಪ್ಪುತ್ತದೆ. ಎಷ್ಟೋ ಮನೆಗಳಲ್ಲಿ ಸೊಸೆಯನ್ನು ಕೆಲಸಕ್ಕೆ ಕಳಿಸುವುದಕ್ಕೆ ಒಪ್ಪಿದ್ದೇ ಬಸ್ಸು ಬಾಗಿಲಿಗೆ ಬರುತ್ತದೆ ಎಂಬ ಕಾರಣಕ್ಕೆ.

ಗೊರೂರು ದಾಟಿ ಅರಕಲಗೂಡಿನ ದಾರಿಯಲ್ಲಿ, ರಸ್ತೆಯಿಂದ ಒಳಗಿರುವ ಒಂದು ಊರಿಗೆ ಬಸ್ಸು ಬರುವಂತೆ ಮಾಡಿದ್ದು ಅಲ್ಲಿನ ಕಾಲೋನಿಯ ಒಬ್ಬ ಹೆಂಗಸು. ಕಾಲರ್ ಹೊಲಿಯುವವಳು. ಊರಿನಿಂದ ಮೊದಲು ಬಂದವಳು ಅವಳೇ. ಬಸ್ಸು ತಿರುಗಿಸಲು ಜಾಗವಿದ್ದದ್ದು ಕಾಲೋನಿಯ ಹತ್ತಿರ ಮಾತ್ರ. ಹಾಗಾಗಿ ಬಸ್ಸು ಮೇಲಿನ ಬೀದಿಯನ್ನು ದಾಟಿ ಕಾಲೋನಿಯ ತನಕ ಹೋಗಿ, ಅಲ್ಲಿಯವರನ್ನು ಮೊದಲು ಹತ್ತಿಸಿಕೊಂಡು, ತಿರುಗಿ ಬರುವಾಗ ಮೇಲಿನ ಬೀದಿಯವರನ್ನು ಹತ್ತಿಸಿಕೊಳ್ಳುತ್ತಿತ್ತು. ಕಿಟಕಿಯ ಸೀಟುಗಳೆಲ್ಲ ಕಾಲೋನಿಯವರ ಪಾಲಾಗುತ್ತಿದ್ದವು. ಇದನ್ನು ಯಾರೂ ದೂರೆಂದು ನನಗೆ ಹೇಳಿರಲಿಲ್ಲ. ಹೇಳದೆ ಇದ್ದದ್ದೇ ನನಗೆ ಕೇಳಿಸುತ್ತಿತ್ತು.

ಅವಳು ನನ್ನನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದಳು.

"ಮೇಷ್ಟ್ರೇ, ಇವತ್ತು ಆಜ್ರಿ ಕೂಗಲ್ವಾ? ನಾವೆಲ್ಲ ಪ್ರೆಸೆಂಟ್ ಸಾ ಅನ್ಬೇಕು ಅಂತ ಬಂದಿವಿ."

"ಸುಮ್ಕಿರಕ್ಕ, ಬೆಂಚ್ ಮ್ಯಾಲೆ ನಿಲ್ಸ್ಬುಟ್ಟಾರು" ಎಂದು ಹಿಂದಿನಿಂದ ಒಬ್ಬಳು.

"ನಿಲ್ಸ್ಲಿ ಬುಡು, ದಿನಾ ಕುಂತು ಕುಂತು ಸೊಂಟ ಇಡ್ಕಂಡೈತೆ."

ಬಸ್ಸಿನಲ್ಲಿ ನಗು ಏಳುತ್ತಿತ್ತು. ಕಾರ್ಖಾನೆಯ ಗೇಟು ಕಂಡ ಕೂಡಲೇ ಯಾರೂ ಹೇಳದೆ ಅದು ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ, ಊಟದ ಬಿಡುವು ಕಳೆದ ಮೇಲೆ, ಸಂಜೆಯ ಬಸ್ಸಿಗೆ ಯಾರು ಯಾರು ಓವರ್‌ಟೈಮಿಗೆ ಉಳಿಯುತ್ತಾರೆಂದು ಕೇಳಲು ನಾನು ಹೊಲಿಗೆಯ ಹಾಲಿಗೆ ಹೋಗಿದ್ದೆ. ಬಾಗಿಲ ಬಳಿ ನಿಂತಿದ್ದೆ. ಅವಳ ಟೇಬಲ್ಲಿನ ಎದುರು ಫ್ಲೋರ್ ಇನ್‌ಚಾರ್ಜ್ ನಿಂತಿದ್ದ, ಆ ಸಾಲುಗಳನ್ನೆಲ್ಲ ನೋಡಿಕೊಳ್ಳುವವನು. ಕಾಲರುಗಳು ಸೊಟ್ಟಗಾಗಿವೆ ಎಂದು ಕೂಗುತ್ತಿದ್ದ. ಅವನ ಕೈಯಲ್ಲಿ ದಾರ ಕಟ್ಟಿದ ಕಾಲರುಗಳ ಬಂಡಲ್ ಇತ್ತು. ಆ ಕೈ ಮೇಲೆ ಹೋದದ್ದನ್ನು ನೋಡಿದೆ. ಮೆಷಿನ್ನುಗಳ ಗದ್ದಲದ ನಡುವೆ ಒಂದು ಸದ್ದು ಕೇಳಿಸಿತು. ಅವಳು ಒಂದು ಕಣ್ಣಿನ ಮೇಲೆ ಅಂಗೈ ಒತ್ತಿಕೊಂಡು ಬಗ್ಗಿದ್ದಳು. ಬಂಡಲ್ ನೆಲದ ಮೇಲಿತ್ತು. ಪಕ್ಕದವರು ಹೊಲಿಯುವುದನ್ನು ನಿಲ್ಲಿಸಲಿಲ್ಲ.

ಇಷ್ಟು ನನಗೆ ಆ ಸಂಜೆ ಸ್ಪಷ್ಟವಾಗಿ ನೆನಪಿತ್ತು. ಅಥವಾ ಸ್ಪಷ್ಟವಾಗಿತ್ತು ಎಂಬುದು ಈಗ ನೆನಪಿದೆ.

ಮರುದಿನ ಅವಳು ದೂರು ಕೊಟ್ಟಳು. ಅಂಥ ದೂರುಗಳು ಅಲ್ಲಿ ಬರುವುದು ಅಪರೂಪ. ಮ್ಯಾನೇಜರ್ ಒಳವಿಚಾರಣೆ ಮಾಡುತ್ತೇನೆಂದು ಹೇಳಿ, ದೂರು ಸುಳ್ಳೆಂದು ಕಂಡರೆ ದೂರು ಕೊಟ್ಟವಳನ್ನು ಕೆಲಸದಿಂದ ತೆಗೆಯಬೇಕಾಗುತ್ತದೆ ಎಂಬುದನ್ನೂ ಅಷ್ಟೇ ಮೆದುವಾಗಿ ತಿಳಿಸಿದ. ನೋಡಿದವರು ಯಾರೆಂದು ಕೇಳಿದಾಗ ಅವಳು ಸಾಲಿನವರ ಯಾರ ಹೆಸರನ್ನೂ ಹೇಳಲಿಲ್ಲ. ನನ್ನನ್ನು ಹೇಳಿದಳು.

ಸಂಜೆ ಬಸ್ಸು ಹತ್ತುವಾಗ ಅವಳ ಒಂದು ಕಣ್ಣು ಕೆಂಪಗಿತ್ತು. "ಮೇಷ್ಟ್ರೇ, ನೀವು ಏನೂ ಸೇರ್ಸ್ಬ್ಯಾಡಿ. ನೋಡಿದ್ದು ಏಳಿ, ಸಾಕು" ಎಂದಳು. ಅವಳ ಗಂಡ ಬೆನ್ನಿಗೆ ಪೆಟ್ಟಾಗಿ ಮನೆಯಲ್ಲಿದ್ದ. ಮನೆಗೆ ಬರುತ್ತಿದ್ದದ್ದು ಅವಳ ಸಂಬಳ ಒಂದೇ. ಅದನ್ನು ಅವಳು ಹೇಳಲಿಲ್ಲ, ಬಸ್ಸಿನಲ್ಲಿದ್ದವರೆಲ್ಲರಿಗೂ ಗೊತ್ತಿತ್ತು.

ಮ್ಯಾನೇಜರ್ ನನ್ನನ್ನು ಕರೆಸಿ ಟೀ ತರಿಸಿದ. ಮೊದಲ ಸಲ ಟೀ ತರಿಸಿದ್ದು ಅದು.

"ನೀವು ಓದಿದೋರು. ನಿಮ್ಮ ಮಾತಿಗೆ ಬೆಲೆ ಇದೆ. ಅದಕ್ಕೇ ನಿಧಾನವಾಗಿ ನೆನಪು ಮಾಡ್ಕೊಳ್ಳಿ ಅಂತಿದೀನಿ. ಬಂಡಲು ಗಾಳಿಲಿ ಹೋಗಿದ್ದು ನೋಡಿದ್ರಾ?"

"ಕೈ ಎತ್ತಿದ್ದು ನೋಡಿದೆ."

"ಕೈ ನಾವೆಲ್ಲ ಎತ್ತುತೀವಿ. ಬಂಡಲು?"

ಕಣ್ಣು ಮುಚ್ಚಿ ನೋಡಿದೆ. ಕೈ ಮೇಲಿತ್ತು. ಆಮೇಲೆ ಸದ್ದು. ನಡುವೆ ಏನೂ ಇರಲಿಲ್ಲ.

"ಅವಸರ ಇಲ್ಲ" ಎಂದ ಮ್ಯಾನೇಜರ್. "ಟೇಬಲ್ ಮೇಲೆ ಇಟ್ಟಿದ್ದು ಜಾರಿ ತಾಗಿರಬೋದು ಅಂತ ಇನ್‌ಚಾರ್ಜ್ ಹೇಳ್ತಾರೆ. ಯೋಚ್ನೆ ಮಾಡಿ." ಬಾಗಿಲ ತನಕ ಬಂದು ನನ್ನ ಭುಜ ಮುಟ್ಟಿದ. "ಅಂದಹಾಗೆ, ಆ ಊರೊಳಗೆ ರಸ್ತೆ ಕೆಟ್ಟಿದೆ ಅಂತ ಡ್ರೈವರ್ ಹೇಳ್ತಿದ್ದ. ನಾಳೆಯಿಂದ ಬಸ್ಸು ಕ್ರಾಸಲ್ಲೇ ನಿಲ್ಲಲಿ."

ಡ್ರೈವರಿಗೆ ಹೇಳಿದಾಗ ಅವನು ನನ್ನ ಮುಖ ನೋಡಿ, "ರಸ್ತೆ ಕೆಟ್ಟೈತೆ ಅಂತ ನಾನೆಲ್ಲಿ ಅಂದೆ ಸಾ?" ಎಂದ. ಮತ್ತೆ ತಾನೇ, "ಅಂದಿರ್ಬೋದು ಬುಡಿ. ನಂಗ್ಯಾಕೆ" ಎಂದು ಬಸ್ಸಿನ ಕೆಳಗೆ ಬಗ್ಗಿ ಏನನ್ನೋ ನೋಡತೊಡಗಿದ.

ಮರುದಿನ ಬೆಳಗ್ಗೆ ಆ ಮಾರ್ಗದಲ್ಲಿ ನಾನೇ ಹೋದೆ. ಹೇಮಾವತಿಯ ಹಿನ್ನೀರಿನ ಕಡೆಯಿಂದ ಮಂಜು ರಸ್ತೆಗೆ ಹರಿದು ಬಂದಿತ್ತು. ಕ್ರಾಸಿನಲ್ಲಿ ಬಸ್ಸು ನಿಂತಿತು. ಡ್ರೈವರ್ ಹಾರನ್ ಹೊಡೆದ. ಎಷ್ಟೋ ಹೊತ್ತಿನ ಮೇಲೆ ಮಂಜಿನೊಳಗಿಂದ ಹೆಂಗಸರು ಒಬ್ಬೊಬ್ಬರಾಗಿ, ಊಟದ ಚೀಲಗಳನ್ನು ಎದೆಗವಚಿಕೊಂಡು ಓಡಿ ಬಂದರು. ಮೇಲಿನ ಬೀದಿಯವರು ಮುಂದೆ, ಕಾಲೋನಿಯವರು ಹಿಂದೆ. ಅವಳು ಎಲ್ಲರಿಗಿಂತ ಹಿಂದೆ ಬರುತ್ತಿದ್ದಳು. ಅವಳ ಪಕ್ಕ ಯಾರೂ ಇರಲಿಲ್ಲ.

"ಏನ್ಸಾ, ಬಸ್ಸಿಗೂ ಕಣ್ಣು ಕೆಂಪಾಯ್ತಾ? ಒಳೀಕೆ ಬರಂಗಿಲ್ವಾ?" ಎಂದು ಮೇಲಿನ ಬೀದಿಯ ಒಬ್ಬಳು ನನ್ನನ್ನು ಕೇಳಿ, ಅವಳಿಗೆ ಕೇಳುವಂತೆ ನಕ್ಕಳು.

ರಸ್ತೆ ಸರಿಯಿಲ್ಲ ಎಂದೆ.

"ರಸ್ತೆ ನೆನ್ನೆವರ್ಗೂ ಸರ್ಯಾಗಿತ್ತು. ಕೆಟ್ಟಿದ್ದು ಬಾಯಿ ಕಣ್ಸಾ, ರಸ್ತೆ ಅಲ್ಲ."

ಅವಳು ಕೊನೆಯವಳಾಗಿ ಹತ್ತಿದಳು. ಕಿಟಕಿಯ ಸೀಟು ಖಾಲಿಯಿದ್ದರೂ ಕೂರದೆ ಕಂಬಿ ಹಿಡಿದು ನಿಂತಳು. ಹಾಸನದ ತನಕ ಆ ಸೀಟಿನಲ್ಲಿ ಯಾರೂ ಕೂರಲಿಲ್ಲ.

ವಿಚಾರಣೆಯ ದಿನ ಮುಂದೆ ಹೋಗುತ್ತಲೇ ಇತ್ತು. ಯಾರೂ ನನ್ನನ್ನು ಬೆದರಿಸಲಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಕ್ಯಾಂಟೀನಿನಲ್ಲಿ ನಾನು ಕೂತ ಬೆಂಚಿನಿಂದ ಒಬ್ಬೊಬ್ಬರೇ ಏಳುತ್ತಿದ್ದರು, ಊಟ ಮುಗಿದಿರಬಹುದು. ಫ್ಲೋರ್ ಇನ್‌ಚಾರ್ಜ್ ಮಾತ್ರ ಎದುರಾದಾಗಲೆಲ್ಲ ನಿಂತು, ಆರೋಗ್ಯ ವಿಚಾರಿಸಿ, ಹಳೆಯ ಗೆಳೆಯನಂತೆ ನಗುತ್ತಿದ್ದ.

ಒಂದು ದಿನ ಬೆಳಗ್ಗೆ ರಿಸೆಪ್ಶನ್ನಿನ ಬೆಂಚಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಕೆಲವರು ಫೈಲು ಹಿಡಿದು ಕೂತಿದ್ದರು. ಅವರನ್ನು ಒಬ್ಬೊಬ್ಬರಾಗಿ ಒಳಗೆ ಕಳಿಸು ಎಂದು ನನಗೇ ಹೇಳಿಕಳಿಸಿದ್ದರು. ಮೊದಲನೆಯವನನ್ನು ಯಾವ ಕೆಲಸಕ್ಕೆ ಬಂದಿದ್ದೀಯ ಎಂದು ಕೇಳಿದೆ.

"ಬಸ್ಸುಗಳ್ನ ನೋಡ್ಕಳದಂತೆ ಸಾ. ಈಗಿರೋರು ಬಿಟ್ಟೋಯ್ತಾವ್ರಂತೆ." ಎದ್ದು ನಿಂತು ವಿನಯದಿಂದ ಹೇಳಿದ. "ಕೆಲ್ಸ ಎಂಗೆ ಸಾ? ಚೆನ್ನಾಗೈತಾ?"

ಚೆನ್ನಾಗಿದೆ ಎಂದೆ. ಒಳಗೆ ಕಳಿಸಿದೆ. ಬಾಗಿಲು ಮುಚ್ಚಿಕೊಂಡಿತು.

ಆ ಸಂಜೆಯೇ ಮಾವ ಫೋನ್ ಮಾಡಿದ. ಅವನಿಗೆ ಎಲ್ಲ ಗೊತ್ತಾಗಿತ್ತು.

"ಏನ್ಲಾ ಅದು ನಿಂದು ಸಾಕ್ಷಿ? ಕೆಲ್ಸ ಕೊಡ್ಸಿದ್ದು ಬಸ್ ನೋಡ್ಕ ಅಂತ, ಕಂಡೋರ ಕಣ್ಣು ನೋಡ್ಕ ಅಂತಲ್ಲ."

"ಅವನು ಕೈ ಎತ್ತಿದ್ದು ನೋಡಿದೆ ಮಾವ."

"ನೀನಾ? ಅವತ್ತು ನಿಮ್ಮಕ್ಕನ ಮದ್ವೇಲಿ ಬಡ್ಸಿದ್ದು ಒಬ್ಬಟ್ಟು ಅಂತ ಇವತ್ತಿಗೂ ವಾದ ಮಾಡ್ತೀಯ. ಅವತ್ತು ಮಾಡ್ಸಿದ್ದು ಚಿರೋಟಿ ಕಣ್ಲಾ, ನಾನೇ ಭಟ್ರುಗೆ ಏಳಿದ್ದು. ನಿನ್ ನೆನಪು ನಂಬ್ಕಂಡು ಒಂದು ಕೆಲ್ಸ ಕಳ್ಕತಾರೇನ್ಲಾ?" ದನಿ ತಗ್ಗಿಸಿದ. "ಅದೂ ಆ ಕಾಲೋನಿ ಎಂಗ್ಸಿಗೋಸ್ಕರ."

ಕೊನೆಯ ಮಾತಿಗೆ ಸಿಟ್ಟು ಬಂದಿತು. ಆದರೆ ಫೋನಿಟ್ಟ ಮೇಲೆ ನನ್ನನ್ನು ಕಾಡಿದ್ದು ಮದುವೆಯ ಮಾತು. ಒಬ್ಬಟ್ಟಿನ ಮೇಲೆ ತುಪ್ಪ ಹರಡುವುದು ನನಗೆ ಇವತ್ತಿಗೂ ಕಾಣುತ್ತದೆ. ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಚಿರೋಟಿ ಎಂದಳು.

ಮರುದಿನ ಹೊಲಿಗೆಯ ಹಾಲಿಗೆ ಹೋಗಿ ಅದೇ ಬಾಗಿಲ ಬಳಿ ನಿಂತೆ. ಅಲ್ಲಿಂದ ಅವಳ ಟೇಬಲ್ ಕಾಣಲಿಲ್ಲ. ನಡುವೆ ಆಳೆತ್ತರದ ಕಬ್ಬಿಣದ ಸ್ಟ್ಯಾಂಡ್ ಇತ್ತು. ಅದರ ತುಂಬ ಸಿದ್ಧವಾದ ಅಂಗಿಗಳನ್ನು ತೂಗುಹಾಕಿದ್ದರು. ಬಿಳಿಯ ತೋಳುಗಳು ಫ್ಯಾನಿನ ಗಾಳಿಗೆ ಒಟ್ಟಾಗಿ ಅಲ್ಲಾಡುತ್ತಿದ್ದವು.

ಇಸ್ತ್ರಿಯವನನ್ನು ಕೇಳಿದೆ, ಇದು ಇಲ್ಲಿಗೆ ಯಾವಾಗ ಬಂತು?

"ಯಾವಾಗ್ಲೂ ಇಲ್ಲೇ ಇರದು ಸಾ."

ಇನ್ನೊಬ್ಬನನ್ನು ಕೇಳಿದೆ. ಅವನೂ ಅದನ್ನೇ ಹೇಳಿದ. ಇಬ್ಬರೂ ಹೇಳಿದ್ದು ಒಂದೇ ಮಾತು, ಒಂದೇ ವೇಗ. ಸುಳ್ಳೆಂದು ನನಗೆ ಖಚಿತವಾಯಿತು. ನೆಲ ನೋಡಿದೆ. ಖರೀದಿದಾರರು ಬರುತ್ತಾರೆಂದು ಎಲ್ಲ ಕಡೆ ಹೊಸದಾಗಿ ಹಳದಿ ಗೆರೆ ಬಳಿದಿದ್ದರು, ಹಳೆಯ ಗುರುತು ಒಂದೂ ಇರಲಿಲ್ಲ. ಹಿಂತಿರುಗುವಾಗ ಒಂದು ತೋಳು ನನ್ನ ಕೆನ್ನೆ ಸವರಿತು. ಆಗ, ಇದು ಹಿಂದೆಯೂ ಹೀಗೆ ಸವರಿತ್ತು ಅನ್ನಿಸಿತು. ಇಲ್ಲೇ, ಬಗ್ಗಿ ಇದರಡಿ ದಾಟಿದ್ದೆ. ಯಾವ ದಿನ? ಆ ದಿನಕ್ಕೆ ಮುಂಚೆಯೋ, ಆಮೇಲೋ? ಅಥವಾ ಈ ಕ್ಷಣದ ಸ್ಪರ್ಶವನ್ನೇ ಮನಸ್ಸು ಹಿಂದಕ್ಕೆ ಒಯ್ದಿತ್ತೋ? ತಲೆ ಎತ್ತಿದರೆ ಅಂಗಿಗಳ ಸಂದಿಯಲ್ಲಿ ಫ್ಲೋರ್ ಇನ್‌ಚಾರ್ಜ್ ನನ್ನನ್ನೇ ನೋಡುತ್ತ ನಿಂತಿದ್ದ. "ಏನಾದ್ರೂ ಕಳ್ಕೊಂಡ್ರಾ ಮೇಷ್ಟ್ರೇ?" ಎಂದ. ಆ ಹೆಸರು ಅವನಿಗೆ ಹೇಗೆ ಗೊತ್ತು ಎಂದು ಆ ದಿನವೆಲ್ಲ ಯೋಚಿಸಿದೆ.

ಕ್ರಾಸಿನ ತನಕ ನಡೆಯುವುದು ಊರಿನಲ್ಲಿ ಮನೆಮನೆಯ ಜಗಳವಾಯಿತು. ಮೇಲಿನ ಬೀದಿಯಲ್ಲಿ ಇಬ್ಬರು ಸೊಸೆಯಂದಿರನ್ನು ಕೆಲಸ ಬಿಡಿಸಿದರು. ಒಂದು ಸಂಜೆ ಕತ್ತಲಲ್ಲಿ ಒಬ್ಬಳು ಕಾಲುವೆಯ ಏರಿಯಲ್ಲಿ ಜಾರಿ ಬಿದ್ದಳು, ಅದಕ್ಕೂ ಕಾರಣ ದೂರು ಕೊಟ್ಟ ಇವಳೇ ಎಂದಾಯಿತು. ಬಸ್ಸಿನಲ್ಲಿ ಈಗ ತಮಾಷೆಯಿರಲಿಲ್ಲ. ಒಮ್ಮೆ ಕಾಲೋನಿಯವಳೇ, ಇವಳೇ ಕರೆತಂದಿದ್ದ ಓರಗಿತ್ತಿ, ಎಲ್ಲರೆದುರು ಸಿಡಿದಳು.

"ನಿಂಗೊಬ್ಳಿಗೇ ಬಿದ್ದಿದ್ದೇನಕ್ಕ ಏಟು? ನಾವೇನ್ ಬೈಸ್ಕಂಡಿಲ್ವಾ? ನಾಕು ದಿನಕ್ಕೆ ವಾಸಿ ಆಯ್ತಿತ್ತು."

"ವಾಸಿ ಆಗೈತೆ ಬುಡು" ಎಂದಳು ಅವಳು. ಅಷ್ಟೆ.

ಕೊನೆಗೆ ವಿಚಾರಣೆಗೆ ಕರೆದರು. ಮ್ಯಾನೇಜರ್, ಆಫೀಸಿನ ಒಬ್ಬ ಹಿರಿಯ ಹೆಂಗಸು, ಲೆಕ್ಕಪತ್ರ ನೋಡುವವನು, ಮೂವರು ಕೂತಿದ್ದರು. ಮೊದಲು ನನ್ನನ್ನು ಕೇಳಿದರು. ಒಳಗೆ ಹೋಗುವ ತನಕ ನಾನು ಏನು ಹೇಳುತ್ತೇನೆಂದು ನನಗೇ ಖಚಿತವಿರಲಿಲ್ಲ. ಬಾಯಿ ತೆರೆದಾಗ ಮಾತು ನೇರವಾಗಿ ಬಂದಿತು. ಅವನು ಬಂಡಲ್ ಹಿಡಿದ ಕೈ ಎತ್ತಿದ್ದನ್ನು ನೋಡಿದೆ. ಸದ್ದು ಕೇಳಿದೆ. ಬಂಡಲ್ ಗಾಳಿಯಲ್ಲಿದ್ದದ್ದನ್ನು ನೋಡಿಲ್ಲ. ಅಂಗಿಗಳ ಸ್ಟ್ಯಾಂಡ್ ಆ ದಿನ ಅಲ್ಲಿತ್ತೇ ಎಂಬುದು ನೆನಪಿಲ್ಲ, ಆದರೆ ಕೈ ನನಗೆ ಕಂಡಿತು. ಟೇಬಲ್ಲಿನ ಮೇಲೆ ಇಡುವವನ ಕೈ ತಲೆಯ ಮೇಲಕ್ಕೆ ಹೋಗುವುದಿಲ್ಲ.

ಮ್ಯಾನೇಜರ್ ತಲೆಯಾಡಿಸಿದ, ಬೇಸರವಿಲ್ಲದೆ. ಮುಂದೆ ಬರುವುದು ಏನೆಂದು ಅವನಿಗೆ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. "ನೀವೂ ಕೂತಿರಿ" ಎಂದು ಅವಳನ್ನು ಒಳಗೆ ಕರೆಸಿದ.

ಅವಳು ಕೂರಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

"ಬಂಡಲು ಜಾರ್ತು ಸಾ. ಅವ್ರು ಟೇಬಲ್ ಮ್ಯಾಲೆ ಮಡಗಿದ್ರು. ನಾನೇ ಕೈ ತಾಗಿಸ್ಬುಟ್ಟೆ. ಸಿಟ್ನಲ್ಲಿ ದೂರು ಕೊಟ್ಬುಟ್ಟೆ, ತಪ್ಪಾಯ್ತು."

"ಇವ್ರು ಕೈ ಎತ್ತಿದ್ದು ನೋಡ್ದೆ ಅಂತಿದಾರಲ್ಲಮ್ಮ?"

"ಅವ್ರು ದೂರದಲ್ಲಿ ನಿಂತಿದ್ರು ಸಾ. ಓದಿರೋರು. ನಿಂತ ಕಡೆ ಏನೋ ಯೋಚ್ನೆ ಮಾಡ್ತಾ ನಿಂತಿರ್ತಾರೆ. ಬಸ್ಸಲ್ಲೂ ಅಂಗೇಯಾ."

ಲೆಕ್ಕಪತ್ರದವನು ನಕ್ಕ. ಹಿರಿಯ ಹೆಂಗಸೂ ನಕ್ಕಳು. ಮ್ಯಾನೇಜರ್ ನನ್ನನ್ನು ನೋಡಿದ ನೋಟದಲ್ಲಿ ಗೆಲುವು ಇರಲಿಲ್ಲ. ಸಂದರ್ಶನಗಳಲ್ಲಿ ನಾನು ಕಂಡಿದ್ದ ಅದೇ ಮರುಕ ಇತ್ತು. ತಪ್ಪೊಪ್ಪಿಕೊಂಡಿದ್ದಾಳೆ, ಈ ಸಲ ಕ್ಷಮಿಸಿ ಕೆಲಸದಲ್ಲಿ ಇಟ್ಟುಕೊಳ್ಳೋಣ ಎಂದು ಮೂವರೂ ಒಪ್ಪಿದರು. ಅವಳು ಕೈಮುಗಿದು ಹೊರಗೆ ಹೋದಳು.

ಮರುದಿನ ಬೆಳಗ್ಗೆ ಬಸ್ಸು ಊರೊಳಗೆ ಹೋಯಿತು. ರಸ್ತೆ ಸರಿಹೋಗಿದೆಯಂತೆ ಎಂದು ಡ್ರೈವರಿಗೆ ಹೇಳಿದವನೂ ನಾನೇ. ಒಂದು ಬದಲಾವಣೆ ಮಾತ್ರ ಆಗಿತ್ತು. ಹೋಗುವಾಗಲೇ ಮೇಲಿನ ಬೀದಿಯಲ್ಲಿ ನಿಲ್ಲಿಸಿ ಅಲ್ಲಿಯವರನ್ನು ಹತ್ತಿಸಿಕೊಂಡು ಕಾಲೋನಿಗೆ ಹೋಗಬೇಕು ಎಂದು ಹೇಳಿಕಳಿಸಿದ್ದರು. ಕಾಲೋನಿ ತಲುಪುವಷ್ಟರಲ್ಲಿ ಕಿಟಕಿಯ ಸೀಟುಗಳು ತುಂಬಿದ್ದವು. ಅವಳು ಹತ್ತಿ ನನ್ನ ಪಕ್ಕದ ಕಂಬಿ ಹಿಡಿದು ನಿಂತಳು. ಗೊರೂರು ದಾಟಿದ ಮೇಲೆ, ಮುಂದೆ ನೋಡುತ್ತಲೇ ಮೆಲ್ಲಗೆ ಹೇಳಿದಳು.

"ಬೇಜಾರ್ ಮಾಡ್ಕಬ್ಯಾಡಿ. ನೀವು ಈ ಬಸ್ಸಿಂದ ಎಲ್ಲಿ ಬೇಕಾದ್ರೂ ಇಳ್ದು ಓಗ್ಬೋದು. ನಾನು ಇಳಿಯದು ಆ ಊರಲ್ಲೇ."

ನಾನು ಇಳಿಯಬೇಕಾದ ದಿನ ಬೇಗ ಬಂದಿತು. ನನ್ನನ್ನು ತೆಗೆಯಲಿಲ್ಲ. ಹೊಸಬನೊಬ್ಬನನ್ನು ನನ್ನ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಹಾಕಿ ಕೂರಿಸಿದರು. ಒಂದೊಂದಾಗಿ ಬಸ್ಸುಗಳು ಅವನ ಪಾಲಾದವು. ಕೇಳಿದರೆ ಬೇರೆ ಕೆಲಸ ಹೇಳುತ್ತೇವೆ ಎನ್ನುತ್ತಿದ್ದರು. ಹೇಳುತ್ತಿರಲಿಲ್ಲ. ಬೆಳಗಿನಿಂದ ಸಂಜೆಯ ತನಕ ಖಾಲಿ ಮೇಜಿನ ಮುಂದೆ ಕೂತು, ಆ ಮಧ್ಯಾಹ್ನವನ್ನು ಮತ್ತೆ ಮತ್ತೆ ನಡೆಸಿ ನೋಡುತ್ತಿದ್ದೆ. ಒಂದೊಂದು ಸಲ ಕೈ ಎತ್ತರಕ್ಕೆ ಹೋಗುತ್ತಿತ್ತು. ಒಂದೊಂದು ಸಲ ಟೇಬಲ್ಲಿನ ಮಟ್ಟದಲ್ಲೇ ಉಳಿಯುತ್ತಿತ್ತು. ನಾನೇ ರಾಜೀನಾಮೆ ಕೊಟ್ಟೆ.

ಮತ್ತೆ ಕೆಲಸ ಹುಡುಕಿದೆ. ಹೋದಲ್ಲೆಲ್ಲ, ಅಲ್ಲಿ ಯಾಕೆ ಬಿಟ್ಟಿರಿ ಎಂದು ಕೇಳುತ್ತಿದ್ದರು. ಏನು ಹೇಳಬೇಕೆಂದು ತಿಳಿಯದೆ ತಡವರಿಸುತ್ತಿದ್ದೆ. ಚನ್ನರಾಯಪಟ್ಟಣದ ಒಂದು ಕಡೆ ಎದುರಿಗಿದ್ದವನು ನನ್ನ ತಡವರಿಕೆಗೆ ಕಾಯಲಿಲ್ಲ. "ವಿಚಾರಿಸಿದ್ವಿ" ಎಂದಷ್ಟೇ ಹೇಳಿ ನಕ್ಕ. ಗಾರ್ಮೆಂಟ್ಸ್‌ನವರು ಏನು ಹೇಳಿದ್ದರೋ ನಾನು ಕೇಳಲಿಲ್ಲ. ಈಗ ಅರಕಲಗೂಡಿನಲ್ಲಿ ಒಂದು ಟ್ಯೂಷನ್ ಕೇಂದ್ರದಲ್ಲಿ ಪಾಠ ಹೇಳುತ್ತೇನೆ.

ಅಲ್ಲಿನ ಬಸ್ ನಿಲ್ದಾಣದಲ್ಲಿ ಈಚೆಗೆ ಒಂದು ಭಾನುವಾರ ಅವಳು ಸಿಕ್ಕಿದಳು. ಮಾತ್ರೆ ಕೊಳ್ಳಲು ಬಂದಿದ್ದಳು. ತಾನೇ ಹತ್ತಿರ ಬಂದು, "ಚೆನ್ನಾಗಿದ್ದೀರಾ ಮೇಷ್ಟ್ರೇ" ಎಂದು ಕೇಳಿದಳು. ಇನ್ನೂ ಅಲ್ಲೇ ಇದ್ದಾಳೆ. ಕಾಲರಿನ ಕೆಲಸದಿಂದ ತೆಗೆದು ದಾರ ಕತ್ತರಿಸುವುದಕ್ಕೆ ಹಾಕಿದ್ದಾರೆ.

ಅವನು ಹೇಗಿದ್ದಾನೆ ಎಂದು ಕೇಳಿದೆ. ಯಾರೆಂದು ಹೇಳಬೇಕಾಗಿರಲಿಲ್ಲ.

"ಅವ್ರೇ ಈಗ ದೊಡ್ಡ ಮ್ಯಾನೇಜರ್ರು" ಎಂದಳು. "ಅವ್ರದೇನು ತಪ್ಪು ಬುಡಿ ಸಾ. ಅವತ್ತು ಬಂಡಲು ಜಾರ್ತು, ಅಷ್ಟೇ ಅಲ್ವಾ."

ಸುತ್ತ ನೋಡಿದೆ. ನಮ್ಮ ಮಾತು ಕೇಳುವಷ್ಟು ಹತ್ತಿರದಲ್ಲಿ ಯಾರೂ ಇರಲಿಲ್ಲ. ಹಾಗಿದ್ದರೂ ಹೇಳಿದಳು. ಮುಖದಲ್ಲಿ ನಟನೆಯ ಸುಳಿವು ಹುಡುಕಿದೆ. ಅವಳು ನನ್ನನ್ನು ಸರಳವಾಗಿ, ನಾನು ಒಪ್ಪಲಿ ಎಂದು ಕಾಯುವವಳಂತೆ ನೋಡುತ್ತಿದ್ದಳು. ನಾನು ಅವಳ ಕಣ್ಣುಗಳನ್ನು ನೋಡಿದೆ, ಏಟು ಬಿದ್ದದ್ದು ಯಾವುದಕ್ಕೆ ಎಂದು. ಎರಡೂ ಒಂದೇ ಥರ ಇದ್ದವು.